ಠಣ್ ಎಂದರೆ ಒಂದು ಮಿಲಿಮೀಟರ್

ರೈಲು ಹಾಯದ ಊರಿನಲ್ಲೂ ರೈಲು ಹಳಿಯ ತುಂಡೊಂದು ಇರುತ್ತದೆ. ಹಳ್ಳಿ ಶಾಲೆಯ ಪಡಸಾಲೆಯ ತೊಲೆಗೋ ಅಂಗಳದ ಬೇವಿನ ಕೊಂಬೆಗೋ ತಂತಿ ಕಟ್ಟಿ ಅದನ್ನು ತೂಗುಹಾಕಿರುತ್ತಾರೆ. ಪಕ್ಕದ ಕಿಟಕಿಯಲ್ಲಿ ಅದನ್ನು ಬಾರಿಸಲು ಒಂದು ಬೋಲ್ಟು. ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಮಾರಾಟವಾಗಬೇಕಿದ್ದ ಆ ಕಬ್ಬಿಣ ಮೂವತ್ತು, ನಲವತ್ತು ವರ್ಷ ಊರಿಗೆಲ್ಲ ಹೊತ್ತು ತಿಳಿಸುತ್ತದೆ. ಅದೇ ತುಂಡನ್ನು ಇಳಿಸಿ ನೆಲದ ಮೇಲಿಟ್ಟು ಬಡಿದರೆ ಬರುವುದು 'ಠಕ್' ಎಂಬ ಸದ್ದು ಮಾತ್ರ. ತೂಗುಬಿಟ್ಟಾಗಲೇ ಅದಕ್ಕೆ ನಾದ ಬರುವುದು.

ಹಳೆಯ ಸಾಮಾನಿಗೆ ದನಿ ಕೊಡುವ ಕೆಲಸ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ರೈತನಿಗೂ ಹೊಸದಲ್ಲ. ಬಿಳಿಜೋಳ ಹಾಲುದುಂಬುವ ಕಾಲಕ್ಕೆ ಹೊಲದ ತುಂಬ ತಂತಿ ಎಳೆದು ಖಾಲಿ ಡಬ್ಬಿ ಕಟ್ಟುವುದು, ಮಂಚಿಕೆಯ ಮೇಲೆ ಕುಳಿತು ಹಗ್ಗ ಜಗ್ಗಿ ಹಕ್ಕಿ ಎಬ್ಬಿಸುವುದು, ತಗಡು ಬಡಿಯುವುದು ಇವೆಲ್ಲ ಕವಣೆಯಷ್ಟೇ ಹಳೆಯ ಪರಿಪಾಠ. ಆದರೆ ಈ ಎಲ್ಲ ವಾದ್ಯಗಳಿಗೂ ಬಾರಿಸುವ ಒಬ್ಬ ಮನುಷ್ಯ ಬೇಕು. ಆ ಕೆಲಸವನ್ನು ಮಳೆಗೇ ಒಪ್ಪಿಸಿದರೆ ಏನಾಗುತ್ತದೆ?

ಜಪಾನಿನವರು ಇದನ್ನು ಬಹಳ ಹಿಂದೆಯೇ ಮಾಡಿದ್ದಾರೆ. ಅಲ್ಲಿನ ತೋಟಗಳಲ್ಲಿ 'ಶಿಶಿ-ಓದೋಶಿ' ಎಂಬ ಒಂದು ಬಿದಿರಿನ ಸಾಧನವಿದೆ. ನಡುವೆ ಅಚ್ಚಿಗೆ ಸಿಕ್ಕಿಸಿದ ಬಿದಿರ ಕೊಳವೆಯ ಬಾಯಿಗೆ ಸಣ್ಣಗೆ ನೀರು ಬೀಳುತ್ತಿರುತ್ತದೆ. ತುಂಬಿದಾಗ ಕೊಳವೆ ಮುಂದಕ್ಕೆ ಬಾಗಿ ನೀರು ಚೆಲ್ಲುತ್ತದೆ, ಹಗುರಾಗಿ ಹಿಂದಕ್ಕೆ ಬೀಳುವಾಗ ಬಾಲ ಕಲ್ಲಿಗೆ ಬಡಿದು 'ಟೊಕ್' ಎನ್ನುತ್ತದೆ. ಬೆಳೆಗೆ ಬರುವ ಜಿಂಕೆ, ಹಂದಿಗಳನ್ನು ಬೆದರಿಸಲು ಹುಟ್ಟಿದ್ದು ಅದು. ಅಂದರೆ ನಮ್ಮ ಹೊಲದ ಡಬ್ಬಿಯ ದಾಯಾದಿ. ಆಮೇಲೆ ಅದರ ಸದ್ದು ಹಿತವೆನಿಸಿ ತೋಟದ ಅಲಂಕಾರವಾಯಿತು. ಅವರದೇ ಇನ್ನೊಂದು ಸಾಧನ 'ಸುಯಿಕಿಂಕುತ್ಸು': ನೆಲದಲ್ಲಿ ಬೋರಲಾಗಿ ಹೂತ ಗಡಿಗೆ, ಅದರೊಳಗೆ ತೊಟ್ಟಿಕ್ಕುವ ನೀರಿನ ದನಿ. ಜರ್ಮನಿಯ ಡ್ರೆಸ್ಡೆನ್ ನಗರದ ಕುನ್‌ಸ್ಟ್‌ಹೋಫ್ ಓಣಿಯಲ್ಲಿ ಒಂದು ನೀಲಿ ಗೋಡೆಯ ತುಂಬ ಆಲಿಕೆ, ಕೊಳವೆಗಳನ್ನು ಕಹಳೆಗಳ ಹಾಗೆ ಜೋಡಿಸಿದ್ದಾರೆ. ಮಳೆ ಬಂದಾಗ ನೀರು ಅವುಗಳಲ್ಲಿ ಇಳಿಯುವುದನ್ನು ನೋಡಲು, ಕೇಳಲು ಜನ ಹೋಗುತ್ತಾರೆ.

ಇದನ್ನೋದಿ ಆಳಂದದ ಕಡೆಯ ಗೃಹಿಣಿಯೊಬ್ಬರು 'ಇಲ್ಲಿ ಕುಡಿಯಾಕ ನೀರಿಲ್ಲ, ಇವರಿಗೆ ನೀರಿನ ಸಂಗೀತ ಬೇಕಂತ' ಎಂದರೆ ಅದರಲ್ಲಿ ತಪ್ಪಿಲ್ಲ. 2016ರ ಏಪ್ರಿಲ್‌ನಲ್ಲಿ ಗಡಿಯಾಚೆಯ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ನೀರು ತರಿಸಿದ್ದನ್ನು ಈ ಸೀಮೆ ಮರೆತಿಲ್ಲ. ಪಂಪು ಹಚ್ಚಿ ಕಾರಂಜಿ ಚಿಮ್ಮಿಸುವುದು ಇಲ್ಲಿ ಶೋಭಿಸುವ ಮಾತಲ್ಲ. ಆದರೆ ಸದ್ದಿಗೆ ನೀರು ಖರ್ಚಾಗುವುದಿಲ್ಲ. ಮಾಳಿಗೆಯಿಂದ ಇಳಿಯುವ ಮಳೆನೀರು ತೊಟ್ಟಿ ಸೇರುವ ದಾರಿಯಲ್ಲಿ ನಾಲ್ಕು ಕಡೆ ಬಡಿದು ಹೋದರೆ ತೊಟ್ಟಿಗೆ ಒಂದು ಹನಿಯೂ ಕಡಿಮೆಯಾಗದು. ಮುಂದೆ ಹೇಳುವುದೆಲ್ಲ ಈ ಕರಾರಿನ ಮೇಲೆ.

ಮೊದಲು ಹನಿಯ ಸದ್ದನ್ನೇ ನೋಡೋಣ. ಸೋರುವ ಮನೆಯಲ್ಲಿ ಬಕೆಟ್ ಇಟ್ಟು ಮಲಗಿದವರಿಗೆಲ್ಲ ಆ 'ಟಿಣ್' ಪರಿಚಿತ. ಹನಿ ನೀರಿಗೆ ಅಪ್ಪಳಿಸಿದ್ದರಿಂದ ಆ ಸದ್ದು ಬಂತೆಂದು ಯಾರಿಗಾದರೂ ಅನಿಸುತ್ತದೆ. ಅದು ಹಾಗಲ್ಲ. ಹನಿ ಬಿದ್ದ ಜಾಗದಲ್ಲಿ ನೀರು ಗುಳಿ ಬೀಳುತ್ತದೆ. ಗುಳಿ ಮುಚ್ಚಿಕೊಳ್ಳುವಾಗ ಅದರ ತಳದಲ್ಲಿ ಒಂದು ಪುಟ್ಟ ಗಾಳಿಗುಳ್ಳೆ ಸಿಕ್ಕಿಬೀಳುತ್ತದೆ. ಆ ಗುಳ್ಳೆ ಹಿಗ್ಗಿ ಕುಗ್ಗಿ ಕಂಪಿಸುವುದೇ 'ಟಿಣ್'. ಡಚ್ ವಿಜ್ಞಾನಿ ಮಿನ್ನಾರ್ಟ್ 1933ರಲ್ಲೇ ಇದರ ಲೆಕ್ಕ ಕೊಟ್ಟರು: ಗುಳ್ಳೆ ಸಣ್ಣದಾದಷ್ಟೂ ಸ್ವರ ಏರುತ್ತದೆ, ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಸಲ ಕಂಪಿಸುತ್ತದೆ. ನೀರೊಳಗಿನ ಆ ಸದ್ದು ಹೊರಗಿನ ಗಾಳಿಗೆ ದಾಟುವುದು ಹೇಗೆಂಬ ಪ್ರಶ್ನೆ ಮಾತ್ರ ಉಳಿದಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಅನುರಾಗ್ ಅಗರವಾಲ್ ಬ್ರೆಜಿಲ್‌ನಲ್ಲಿ ಗೆಳೆಯನ ಮನೆಗೆ ಹೋಗಿದ್ದಾಗ ಅಲ್ಲಿ ಸೂರು ಸೋರಿ ಬಕೆಟ್ಟಿಗೆ ಹನಿ ಬೀಳುವುದು ಕೇಳಿಸಿತಂತೆ. ಅವರೂ ಅವರ ಸಂಗಡಿಗರೂ ಅತಿವೇಗದ ಕ್ಯಾಮೆರಾ ಇಟ್ಟು ನೋಡಿ 2018ರಲ್ಲಿ ಉತ್ತರ ಪ್ರಕಟಿಸಿದರು. ಗುಳ್ಳೆ ತನ್ನ ಮೇಲಿನ ನೀರಿನ ಮೈಯನ್ನೇ ಮೇಲೆ ಕೆಳಗೆ ತಳ್ಳುತ್ತದೆ, ಆ ಮೈ ಗಾಳಿಯನ್ನು ನೂಕುತ್ತದೆ. ಬಕೆಟ್ಟಿಗೆ ಪಾತ್ರೆ ತೊಳೆಯುವ ಸಾಬೂನಿನ ನೀರು ಸ್ವಲ್ಪ ಹಾಕಿದರೆ ನೀರಿನ ಮೇಲ್ಮೈ ಸೆಳೆತ ಕಡಿಮೆಯಾಗಿ ಗುಳ್ಳೆ ಸಿಕ್ಕುವುದಿಲ್ಲ, 'ಟಿಣ್' ನಿಂತುಹೋಗುತ್ತದೆ. ಸೋರುವ ಸೂರಿನ ಕೆಳಗೆ ನಿದ್ದೆ ಬಾರದವರಿಗೆ ಇದೊಂದು ಉಪಾಯವೂ ಹೌದು.

ಪತ್ರಾಸಿನ ಮೇಲೆ ಬೀಳುವ ಹನಿಯ ಕಥೆ ಬೇರೆ. ಅಲ್ಲಿ ಗುಳ್ಳೆ ಇಲ್ಲ, ತೆಳು ತಗಡೇ ಕಂಪಿಸುತ್ತದೆ. ದಪ್ಪ ಹನಿ ಸೆಕೆಂಡಿಗೆ ಎಂಟೊಂಬತ್ತು ಮೀಟರ್ ವೇಗದಲ್ಲಿ ಬರುತ್ತದೆ, ಅಂಥವು ಸಾವಿರಾರು. ಪತ್ರಾಸಿನ ಕೋಣೆಯಲ್ಲಿ ಪಾಠ ಮಾಡುವವರಿಗೆ ಜೋರು ಮಳೆ ಎಂದರೆ ಬಲವಂತದ ರಜೆ. ಮಣ್ಣಿನ ಮಾಳಿಗೆ ಅದೇ ಮಳೆಯನ್ನು ಸದ್ದಿಲ್ಲದೆ ಕುಡಿಯುತ್ತದೆ.

ಹೂತ ಗಡಿಗೆ ಮಾಡುವುದಾದರೆ ಬಾಯಿ ಮುಕ್ಕಾದ ಹಳೆಯ ಹರವಿ ಸಾಕು. ಮುಕ್ಕಾದರೆ ಅಡ್ಡಿಯಿಲ್ಲ, ಸೀಳು ಬಿಟ್ಟಿರಬಾರದು. ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತೇವಲ್ಲ, ಅದೇ ಪರೀಕ್ಷೆ. ಸೀಳಿನ ಎರಡು ಅಂಚುಗಳು ಒಂದಕ್ಕೊಂದು ಉಜ್ಜಿ ಕಂಪನವನ್ನು ತಿಂದುಹಾಕುತ್ತವೆ. ತಳಕ್ಕೆ ನಿಧಾನವಾಗಿ, ನೀರು ಹನಿಸುತ್ತಾ ಕಿರುಬೆರಳು ಹೋಗುವಷ್ಟು ತೂತು ಕೊರೆದು ಬೋರಲು ಹೂಳಬೇಕು. ಒಳಗೆ ಎರಡು ಅಂಗುಲ ನೀರು ನಿಂತು, ಹೆಚ್ಚಿದ್ದು ಹೊರಹೋಗುವಂತೆ ಒಂದು ಕೊಳವೆ. ತೂತಿನ ಸುತ್ತ ನಾಲ್ಕು ಕಲ್ಲು. ಮಾಳಿಗೆಯ ನೀರು ಕಲ್ಲಿನ ಮೇಲಿಂದ ಜಿನುಗಿ ಹನಿಹನಿಯಾಗಿ ಒಳಗಿನ ನೀರಿಗೆ ಬೀಳುತ್ತದೆ. ಗುಳ್ಳೆಯ 'ಟಿಣ್' ಗಡಿಗೆಯ ಗೋಡೆಯಿಂದ ಗೋಡೆಗೆ ಮರಳಿ ಮರಳಿ ಬಂದು ತೂತಿನಿಂದ ಮೇಲೆ ಕೇಳುತ್ತದೆ. ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಗುಮ್ಮಟ ಒಂದೂವರೆ ಮೊಳದ್ದು, ಅಷ್ಟೆ.

ಆದರೆ ಜಪಾನಿನ ಪುಸ್ತಕ ನೋಡಿ ಎರೆಮಣ್ಣಿನಲ್ಲಿ ಗಡಿಗೆ ಹೂತವರು ಒಂದೇ ವರ್ಷಕ್ಕೆ ಕೈಚೆಲ್ಲಬೇಕಾದೀತು. ನಮ್ಮ ಕರಿಮಣ್ಣು ನೆನೆದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮನೆಯ ಗೋಡೆಯನ್ನೇ ಸೀಳುವ ಮಣ್ಣಿಗೆ ಹರವಿ ಯಾವ ಲೆಕ್ಕ? ಗುಂಡಿಯನ್ನು ಗಡಿಗೆಗಿಂತ ಒಂದು ಗೇಣು ಅಗಲ ತೋಡಿ ಸುತ್ತಲೂ ಗರಸು, ಒಡೆದ ಹೆಂಚು ತುಂಬಿದರೆ ಮಣ್ಣಿನ ಒತ್ತಡ ಗಡಿಗೆಗೆ ತಾಗದು.

ಪಿಂಗಾಣಿ ಬಟ್ಟಲುಗಳ ಜಲತರಂಗ ಎಲ್ಲರಿಗೂ ಗೊತ್ತು. ವಾತ್ಸ್ಯಾಯನನ ಅರವತ್ನಾಲ್ಕು ಕಲೆಗಳ ಪಟ್ಟಿಯಲ್ಲಿ 'ಉದಕವಾದ್ಯ' ಎಂದಿದೆ. ಅದು ಬಟ್ಟಲು ಬಾರಿಸುವುದೋ ಕೆರೆಯ ನೀರನ್ನು ಅಂಗೈಯಿಂದ ಮದ್ದಳೆಯಂತೆ ಬಾರಿಸುವುದೋ ಎಂಬ ಚರ್ಚೆ ಇದೆ. ಚಹಾದ ಕಿವಿ ಮುರಿದ ಕಪ್ಪುಗಳನ್ನು ಸಾಲಾಗಿ ಇಟ್ಟು ಮಳೆಗೆ ಬಿಡಬಹುದು, ಆದರೆ ಮಳೆರಾಯನಿಗೆ ಶ್ರುತಿಯ ಹಂಗಿಲ್ಲ. ಬಟ್ಟಲಲ್ಲಿ ನೀರು ಏರಿದಂತೆ ಸ್ವರ ಇಳಿಯುತ್ತದೆ, ಏಕೆಂದರೆ ಕಂಪಿಸುವ ಗೋಡೆ ನೀರನ್ನೂ ಹೊತ್ತು ಆಡಬೇಕು. ಕೊಡಕ್ಕೆ ನೀರು ಹಿಡಿಯುವಾಗ ಇದರ ತಿರುಗುಮುರುಗು. ಅಲ್ಲಿ ಕಂಪಿಸುವುದು ಕೊಡದೊಳಗಿನ ಗಾಳಿ, ನೀರು ಏರಿದಷ್ಟೂ ಗಾಳಿಗೆ ಜಾಗ ಕಡಿಮೆಯಾಗಿ ಸ್ವರ ಏರುತ್ತದೆ. ಕರೆಂಟು ಹೋದ ಕತ್ತಲಲ್ಲೂ ನಳದ ಮುಂದೆ ನಿಂತ ಹೆಣ್ಣುಮಕ್ಕಳು ಕೊಡ ಕಂಠದವರೆಗೆ ಬಂದದ್ದನ್ನು ಕಿವಿಯಲ್ಲೇ ಅಳೆದು ತೆಗೆಯುತ್ತಾರೆ.

ಕಿವಿಯಲ್ಲಿ ಅಳೆಯುವ ಈ ವಿದ್ಯೆ ಮಳೆಗೆ ಮಾತ್ರ ಇನ್ನೂ ಬಂದಿಲ್ಲ. ರಾತ್ರಿ ಮಳೆಯಾದ ಮರುದಿನ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ನಿಂತರೆ ಸಾಕು.

'ನಿಮ್ಮ ಕಡಿ ಹ್ಯಾಂಗ್ ಆಗೇದ್ರೀ ಕಾಕಾ ಮಳಿ?'

'ಭಾಳ ಆಗೇದಪಾ. ಗೇಣು ಹಸಿ ಹಿಡದದ. ನಿಮ್ಮ ಕಡಿ?'

'ಬರೇ ಹನಿ ಹಾಕಿ ಹೋತ್ರೀ.'

ಭಾಳ ಎಂದರೆ ಎಷ್ಟು? ಗೇಣು ಹಸಿ ಎಂಬುದು ಒಳ್ಳೆಯ ಅಳತೆಯೇ. ಬೀಜಕ್ಕೆ ಬೇಕಾದದ್ದು ಆ ಹಸಿಯೇ ಹೊರತು ಮಿಲಿಮೀಟರ್ ಅಲ್ಲ. ಆದರೆ ಕಳೆದ ವರ್ಷದ ಗೇಣಿಗೂ ಈ ವರ್ಷದ ಗೇಣಿಗೂ ಹೋಲಿಕೆ ಸಿಗುವುದಿಲ್ಲ. ಮಿರಗದ ಮೊದಲ ಮಳೆಗೆ ಆತುರಪಟ್ಟು ತೊಗರಿ ಬಿತ್ತಿ, ಮೊಳಕೆ ಒಣಗಿ, ಎರಡನೆಯ ಸಲ ಬೀಜ ಕೊಂಡವರ ಸಂಕಟ ಚಹಾದಂಗಡಿಯ ಮಾತಿನಲ್ಲಿ ಇರುವುದಿಲ್ಲ, ಸಾಲದ ಪುಸ್ತಕದಲ್ಲಿ ಇರುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಗೆ ಹೆಸರು ದೊಡ್ಡದು, ಅದನ್ನು ಬಿತ್ತುವ ನಿರ್ಧಾರ ಮಾತ್ರ ಈಗಲೂ ಅಂದಾಜಿನದು.

ಜಪಾನಿನ ಆ ಬಿದಿರ ಕೊಳವೆಯನ್ನು ಇನ್ನೊಮ್ಮೆ ನೆನೆಯಿರಿ. ತುಂಬುತ್ತದೆ, ಬಾಗುತ್ತದೆ, ಚೆಲ್ಲುತ್ತದೆ, ಸದ್ದು ಮಾಡುತ್ತದೆ. ಪ್ರತಿಸಲ ಬಾಗಲು ಬೇಕಾದ ನೀರು ಅಷ್ಟೇ. ಹಾಗಾದರೆ ಸದ್ದುಗಳನ್ನು ಎಣಿಸಿದರೆ ನೀರನ್ನು ಅಳೆದಂತೆಯೇ. ಹವಾಮಾನ ಇಲಾಖೆಯ ಸ್ವಯಂಚಾಲಿತ ಮಳೆಮಾಪಕದ ಒಳಗಿರುವುದೂ ಇಂಥದೇ ಬಾಗುವ ಬಟ್ಟಲು. ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್ 1662ರ ಹೊತ್ತಿಗೆ ಇದನ್ನು ಯೋಚಿಸಿದ್ದ. ಅಂದರೆ ತೋಟದ ಆಟಿಕೆಯೂ ಅಳತೆಯ ಯಂತ್ರವೂ ಒಂದೇ ಗರಡಿಯವು.

ಗುಜರಿ ಅಂಗಡಿಯ ಸಾಮಾನಿನಲ್ಲೇ ಅದನ್ನು ಕಟ್ಟಬಹುದು. 15 ಕಿಲೋದ ಖಾಲಿ ಎಣ್ಣೆ ಡಬ್ಬಿಯ ಮೇಲ್ಭಾಗ ಕತ್ತರಿಸಿ ತೆಗೆಯಿರಿ. ಬಾಯಿ ಒಂದೊಂದು ಕಡೆ 23 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ 529 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ಮಳೆ ಎಂದರೆ ಅದರೊಳಗೆ 53 ಮಿಲಿಲೀಟರ್ ನೀರು, ಅರ್ಧ ಕಪ್ ಚಹಾದಷ್ಟು. ನಿಮ್ಮ ಡಬ್ಬಿ ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆ ಇದ್ದರೆ ಲೆಕ್ಕವನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಿ. ಡಬ್ಬಿಯ ತಳದ ಒಂದು ಮೂಲೆಗೆ ಪೆನ್ಸಿಲ್ ಗಾತ್ರದ ತೂತು ಹಾಕಿ, ನೀರು ಒಳಗೆ ನಿಲ್ಲದಂತೆ ಆ ಮೂಲೆಯ ಕಡೆಗೆ ನೀರು ಸರಿಯುವ ಹಾಗೆ ತಳವನ್ನು ಸ್ವಲ್ಪ ತಗ್ಗಿಸಿ. ಬಾಯಿ ಮಾತ್ರ ಮಟ್ಟಸವಾಗಿರಬೇಕು.

ತೂತಿನ ಕೆಳಗೆ ಬಿದಿರಿನ ಬದಲು ಒಂದು ಮೊಳದ ಹಳೆಯ ಪಿ.ವಿ.ಸಿ. ಪೈಪು. ನಡುವೆ ಕಟ್ಟಿಗೆಯ ಬಿರಡೆ ಬಡಿದು, ಮುಂದಿನ ಬಾಯಿಯನ್ನು ಓರೆಯಾಗಿ ಕತ್ತರಿಸಿ, ಬಿರಡೆಯ ಹತ್ತಿರ ಅಡ್ಡಲಾಗಿ ಬೋಲ್ಟು ತೂರಿಸಿ ಅಚ್ಚು ಮಾಡಬೇಕು. ಖಾಲಿ ಇದ್ದಾಗ ಬಾಲ ಭಾರವಾಗಿ ಕೆಳಗೆ ಕೂರುವಂತೆ ಹಿಂದುಗಡೆ ಒಂದು ನಟ್ಟು ಕಟ್ಟಿ. ಔಷಧದಂಗಡಿಯಿಂದ ಸಿರಿಂಜು ತಂದು 53 ಮಿಲಿಲೀಟರ್ ನೀರನ್ನು ನಿಧಾನವಾಗಿ ಬಿಡಿ. ಬೇಗ ಬಾಗಿದರೆ ನಟ್ಟನ್ನು ಹಿಂದಕ್ಕೆ ಸರಿಸಿ, ತಡವಾದರೆ ಮುಂದಕ್ಕೆ. ಒಂದು ಸಂಜೆ ಇದರಲ್ಲೇ ಹೋಗುತ್ತದೆ, ಮಕ್ಕಳಿದ್ದರೆ ಎರಡು.

ಇನ್ನು ನಾದ. ಈ ತಾಲೂಕುಗಳಲ್ಲಿ ಬತ್ತಿದ ಬೋರ್‌ವೆಲ್ಲುಗಳಿಗೆ ಬರವಿಲ್ಲ, ಅವುಗಳಿಂದ ಕಿತ್ತ ಕಬ್ಬಿಣದ ಪೈಪಿಗೂ ಬರವಿಲ್ಲ. 60 ಸೆಂಟಿಮೀಟರ್ ತುಂಡೊಂದನ್ನು ತೂಗುಹಾಕಿ. ಎಲ್ಲಿ ಕಟ್ಟುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸರಳು, ಪೈಪುಗಳು ಬಡಿತಕ್ಕೆ ಬಾಗಿ ಕಂಪಿಸುವಾಗ ಎರಡು ಜಾಗಗಳು ಮಾತ್ರ ಅಲುಗುವುದಿಲ್ಲ. ಎರಡೂ ತುದಿಗಳಿಂದ ಒಟ್ಟು ಉದ್ದದ ಶೇಕಡಾ 22.4ರಷ್ಟು ಒಳಗೆ, ಅಂದರೆ ಇಲ್ಲಿ ಹದಿಮೂರೂವರೆ ಸೆಂಟಿಮೀಟರ್‌ಗೆ. ಹಗ್ಗ ಅಲ್ಲೇ ಇರಬೇಕು. ನಟ್ಟನಡುವೆ ಕಟ್ಟಿದರೆ ಮೂಲ ಸ್ವರ ಸತ್ತುಹೋಗುತ್ತದೆ. ತಂತಿವಾದ್ಯದ ಅಭ್ಯಾಸವಿದ್ದವರು ಇನ್ನೊಂದು ಕಡೆ ಎಡವಬಹುದು. ತಂತಿಯನ್ನು ಅರ್ಧ ಮಾಡಿದರೆ ಮೇಲಿನ ಷಡ್ಜ ಸಿಗುತ್ತದೆ. ಪೈಪನ್ನು ಅರ್ಧ ಮಾಡಿದರೆ ಕಂಪನ ನಾಲ್ಕು ಪಟ್ಟಾಗಿ ಎರಡು ಸ್ಥಾಯಿ ಏರಿಬಿಡುತ್ತದೆ. 60 ಸೆಂಟಿಮೀಟರ್ ಪೈಪಿಗೆ ಮೇಲಿನ ಷಡ್ಜ ಬೇಕಾದರೆ 42.4ಕ್ಕೆ ಕತ್ತರಿಸಬೇಕು.

ಬಾಲ ನೇರವಾಗಿ ಪೈಪಿನ ಮೇಲೆ ಕೂರುವಂತೆ ಮಾಡಬೇಡಿ. ಕೂತದ್ದೇ ತಡ, ಅದೇ ನಾದವನ್ನು ಅಮುಕಿಬಿಡುತ್ತದೆ. ಬಾಲಕ್ಕೆ ಹಳೆಯ ಟೈರಿನ ತುಂಡಿನ ಮೇಲೆ ಆಸರೆ ಕೊಡಿ. ಅದರ ತುದಿಗೆ ಸೈಕಲ್ ಚಕ್ರದ ಕಡ್ಡಿಯೊಂದನ್ನು ಬಿಗಿದು ಕಡ್ಡಿಯ ಕೊನೆಗೆ ಸಣ್ಣ ನಟ್ಟು ಹಾಕಿ. ಬಾಲ ಟೈರಿಗೆ ತಾಗಿ ನಿಂತಾಗ ಕಡ್ಡಿ ತನ್ನ ವೇಗಕ್ಕೆ ಸ್ವಲ್ಪ ಮುಂದೆ ಬಾಗಿ, ಪೈಪನ್ನು ಮುಟ್ಟಿ, ಹಿಂದೆ ಸರಿಯುತ್ತದೆ. ಠಣ್! ಶಾಲೆಯ ಗಂಟೆ ಹೊಡೆಯುವ ಹುಡುಗನೂ ಇದನ್ನೇ ಮಾಡುವುದು. ಬೋಲ್ಟು ತಾಗಿದ ಕೂಡಲೇ ಕೈ ಹಿಂದೆಳೆಯುತ್ತಾನೆ. (ಕಡ್ಡಿಯೂ ಭಾರವೇ, ಆದ್ದರಿಂದ ಸಿರಿಂಜಿನ ಅಳತೆಯನ್ನು ಕಡ್ಡಿ ಕಟ್ಟಿದ ಮೇಲೆ ಮಾಡಬೇಕು.)

ಒಂದು ಠಣ್ ಎಂದರೆ ಒಂದು ಮಿಲಿಮೀಟರ್. 40 ಚದರ ಮೀಟರಿನ ಮಾಳಿಗೆಯ ಮೇಲೆ ಅದು 40 ಲೀಟರ್, ಹೆಚ್ಚುಕಡಿಮೆ ಎರಡೂವರೆ ಕೊಡ. ವರ್ಷಕ್ಕೆ 700 ಮಿಲಿಮೀಟರ್ ಎಂದಿಟ್ಟುಕೊಂಡರೂ ಅಷ್ಟು ಚಿಕ್ಕ ಮನೆಯ ಮೇಲೆ 28 ಸಾವಿರ ಲೀಟರ್ ಬಿದ್ದು ಓಣಿಯ ಗಟಾರಕ್ಕೆ ಹೋಗುತ್ತದೆ. ಇದನ್ನು ಭಾಷಣದಲ್ಲಿ ಕೇಳಿದವರು ಬಹಳ ಮಂದಿ. ಹಾಸಿಗೆಯಲ್ಲಿ ಮಲಗಿ, ಠಣ್ ಎಂದಾಗಲೆಲ್ಲ ಎರಡೂವರೆ ಕೊಡ ಹೋಯಿತು ಎಂದು ಎಣಿಸುವುದು ಬೇರೆಯದೇ ಅನುಭವ.

ಮಳೆ ಅಳೆಯುವ ಪಾತ್ರೆ ನಮಗೆ ಪರದೇಶದ್ದಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಸಿಕ್ಕು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದ ಬಳಿ ಒಂದು ಅರತ್ನಿ ಅಂದರೆ ಸುಮಾರು ಒಂದು ಮೊಳ ಅಗಲದ ಬಾಯಿಯ ಕುಂಡವನ್ನು ಮಳೆ ಅಳೆಯಲು ಇಡಬೇಕೆಂದಿದೆ. ಉಗ್ರಾಣದ ಬಳಿ ಎಂಬುದನ್ನು ಗಮನಿಸಬೇಕು. ಮಳೆಯ ಲೆಕ್ಕ ಕಾಳಿನ ಲೆಕ್ಕದ ಪಕ್ಕದಲ್ಲೇ ಇತ್ತು. ಕೊರಿಯಾದಲ್ಲಿ ಸೆಜಾಂಗ್ ದೊರೆಯ ಕಾಲಕ್ಕೆ, 1441ರಲ್ಲಿ, ಇಂಥ ಪಾತ್ರೆಗಳು ಬಂದವು. ಈಗ ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನು ಇಟ್ಟಿದೆ. ಬರ ಘೋಷಣೆಗೂ ಹವಾಮಾನ ಆಧಾರಿತ ಬೆಳೆ ವಿಮೆಗೂ ಮಳೆಯ ಅಂಕಿಗಳೇ ಆಧಾರ. ಆದರೆ ಮುಂಗಾರಿನ ಮೋಡ ಪಂಚಾಯಿತಿಯ ಗಡಿ ನೋಡಿ ಸುರಿಯುವುದಿಲ್ಲ. ಮಾಪಕವಿರುವ ಊರಿಗೆ ಸುರಿದು ಮೂರು ಮೈಲಿ ಆಚೆಯ ಹೊಲವನ್ನು ಒಣಗಿಸಿ ಹೋದದ್ದನ್ನು ನೋಡದ ರೈತನಿಲ್ಲ. ಎಣ್ಣೆ ಡಬ್ಬಿಯ ಅಂಕಿಯನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೂ ನಾಲ್ಕು ಮುಂಗಾರಿನ ಅಂಕಿ ಸ್ವಂತ ಕೈಬರಹದಲ್ಲಿದ್ದರೆ, ಬಿತ್ತಬೇಕೋ ಎಂಟು ದಿನ ತಾಳಬೇಕೋ ಎಂದು ಯೋಚಿಸುವಾಗ ಗೇಣಿನ ಜೊತೆಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ.

ಡಬ್ಬಿಯ ದೋಷಗಳನ್ನೂ ಹೇಳಬೇಕು. ಗಂಟೆಗೆ 60 ಮಿಲಿಮೀಟರ್ ಸುರಿದರೆ ನಿಮಿಷಕ್ಕೊಂದು ಠಣ್ ಆಗುತ್ತದೆ, ತೊಂದರೆಯಿಲ್ಲ. ಅದಕ್ಕಿಂತ ಜೋರಾದಷ್ಟೂ ಪೈಪು ಬಾಗಿರುವ ಹೊತ್ತಿನಲ್ಲಿ ಬೀಳುವ ನೀರು ಲೆಕ್ಕ ತಪ್ಪುತ್ತದೆ, ಇಲಾಖೆಯ ಮಾಪಕಕ್ಕೂ ಈ ಕಾಯಿಲೆ ಇದೆ. ಜಿಟಿಜಿಟಿ ಮಳೆಯಲ್ಲಿ ಅರ್ಧ ತುಂಬಿ ನಿಂತದ್ದು ಬಿಸಿಲಿಗೆ ಆರಿಹೋಗುತ್ತದೆ. ಭೀಮೆಯ ಸುದ್ದಿಯಂತೂ ಅದಕ್ಕೆ ತಿಳಿಯದು. 2020ರ ಅಕ್ಟೋಬರ್‌ನಲ್ಲಿ ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ಊರುಗಳಿಗೆ ನುಗ್ಗಿದ ನೀರಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಇಳಿದು ಬಂದದ್ದೂ ಬಹಳ. ಇಲ್ಲಿ ಆಕಾಶ ತಿಳಿಯಾಗಿದ್ದು ಡಬ್ಬಿ ಮೌನವಾಗಿದ್ದರೂ ಹೊಳೆ ಏರಬಲ್ಲದು. ಹೊಳೆಯ ದಂಡೆಯವರು ಡಂಗುರವನ್ನೇ ನಂಬಬೇಕು.

ಎರಡು ಎಚ್ಚರಿಕೆಗಳು. ಕೀಟನಾಶಕದ ಡಬ್ಬಿ, ಬಾಟಲಿಗಳನ್ನು ಎಷ್ಟೇ ತೊಳೆದಿದ್ದರೂ ಇದಕ್ಕೆ ಬಳಸಬಾರದು, ಆ ನೀರು ತೊಟ್ಟಿಗೆ ಸೇರುವಂಥದ್ದು. ಬಟ್ಟಲು, ಗಡಿಗೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಏಳರಿಂದ ಹತ್ತು ದಿನ ಸಾಕು. ಹೂತ ಗಡಿಗೆಯ ತೂತಿಗೆ ಹಳೆಯ ಸೊಳ್ಳೆಪರದೆಯ ತುಂಡು ಹೊದಿಸಿದರೆ ಹನಿಗೂ ಅಡ್ಡಿಯಿಲ್ಲ, ಸದ್ದಿಗೂ ಅಡ್ಡಿಯಿಲ್ಲ.

ಇಡೀ ರಾತ್ರಿ ಎಚ್ಚರವಿದ್ದು ಎಣಿಸುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಯಾರೂ ಬೇಡ. ಪೈಪು ಚೆಲ್ಲುವ ನೀರಿಗೆ ಕೆಳಗೊಂದು ಬಕೆಟ್ ಇಟ್ಟು ಮಲಗಿ. ಮಳೆ ಹೇಗೆ ಬರುತ್ತಿದೆ, ಬಿರುಸೋ ಸಾವಕಾಶವೋ ಎಂಬುದನ್ನು ಎಚ್ಚರವಾದಾಗ ಪೈಪು ಹೇಳುತ್ತದೆ. ಒಟ್ಟು ಎಷ್ಟಾಯಿತೆಂಬುದನ್ನು ಬೆಳಿಗ್ಗೆ ಬಕೆಟ್ ಹೇಳುತ್ತದೆ. ಎರಡು ಲೀಟರಿಗಿಂತ ತುಸು ಹೆಚ್ಚಿದ್ದರೆ 40 ಮಿಲಿಮೀಟರ್. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಕಡೆ ಅದನ್ನೂ ಬರೆದು, ಬಕೆಟ್ಟಿನ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿದರಾಯಿತು.